ಬಾಯಿ ಮುಚ್ಚಿ, ನೀರು ಬಿಡ್ತೀವಿ

ನನ್ನ ತಮ್ಮನನ್ನು ಎಲ್ಲರೂ ಪ್ರೆಶರ್ ಅಂತಲೇ ಕರೆಯುತ್ತಾರೆ. ಅವನಿಗೆ ಬಿಪಿ ಇಲ್ಲ, ಕೋಪವಂತೂ ಮೊದಲೇ ಇಲ್ಲ. ಅದೆಲ್ಲ ನನ್ನ ಪಾಲಿಗೆ ಬಂದಿದೆ. ಅವನು ಓಡಿಸುವುದು ಒಳಚರಂಡಿ ತೊಳೆಯುವ ಲಾರಿ. ಮ್ಯಾನ್‌ಹೋಲಿಗೆ ದಪ್ಪ ಪೈಪು ಇಳಿಸಿ ನೀರು ಬಿಟ್ಟರೆ, ಪೈಪಿನ ಮೂತಿಯ ತೂತುಗಳಿಂದ ನೀರು ಹಿಂದಕ್ಕೆ ಚಿಮ್ಮುತ್ತದೆ, ಆ ರಭಸಕ್ಕೆ ಪೈಪು ತಾನಾಗಿಯೇ ಮುಂದಕ್ಕೆ ನುಗ್ಗುತ್ತದೆ. ಕಟ್ಟಿಕೊಂಡ ಜಿಡ್ಡು, ಕೂದಲು, ಒಮ್ಮೆ ಯಾರದೋ ಒಂಟಿ ಚಪ್ಪಲಿ, ಎಲ್ಲ ಕೊಚ್ಚಿಕೊಂಡು ಬರುತ್ತವೆ. ಯಾರೂ ಗುಂಡಿಗೆ ಇಳಿಯಬೇಕಿಲ್ಲ. ಅದಕ್ಕೇ ನನಗೆ ಆ ಲಾರಿಯ ಮೇಲೆ ವಿಪರೀತ ಪ್ರೀತಿ.

ತೊಂದರೆ ಒಂದೇ. ಒತ್ತಡ ಹೆಚ್ಚಾದರೆ ಒಳಗಿನ ಗಾಳಿ ಮನೆಗಳ ಕಡೆ ನುಗ್ಗುತ್ತದೆ, ಮುಚ್ಚಳ ಹಾಕದ ಕಕ್ಕಸಿನಿಂದ ನೀರು ಚಾವಣಿಗೆ ಹಾರುತ್ತದೆ. ಹಾಗಾಗಿ ಕೆಲಸಕ್ಕೆ ಮುಂಚೆ ಪ್ರೆಶರ್ ಕೈಯಲ್ಲಿ ಮೈಕು ಹಿಡಿದು ಬೀದಿಯುದ್ದಕ್ಕೂ ಕೂಗುತ್ತಾನೆ: “ಎಲ್ರೂ ಕಕ್ಕಸಿನ ಬಾಯಿ ಮುಚ್ಚಿ, ನೀರು ಬಿಡ್ತೀವಿ.”

ಮೈಕು ಹಿಡಿದರೆ ಹುಲಿ. ಕೆಳಗಿಟ್ಟರೆ ಬಾಯಿಗೆ ಬೀಗ. ಟೈಲರಿಂಗ್ ಅಂಗಡಿಯ ಹುಡುಗಿಯನ್ನು ಮೆಚ್ಚಿ ಎಷ್ಟೋ ಕಾಲವಾದರೂ ಅವಳ ಅಪ್ಪನನ್ನು ಕೇಳುವ ಧೈರ್ಯ ಬಂದಿರಲಿಲ್ಲ. ಅವಳಿಗೂ ಇವನೆಂದರೆ ಇಷ್ಟ. ಇವನ ಪ್ಯಾಂಟನ್ನು ಬೇಕಂತಲೇ ತಪ್ಪು ಹೊಲಿದು ಮತ್ತೆ ಮತ್ತೆ ಅಳತೆಗೆ ಕರೆಯುತ್ತಿದ್ದಳು. ಆದರೆ ಅಪ್ಪ ನಿವೃತ್ತ ಹೆಡ್‌ಮಾಸ್ತರರು. ಮೊದಲು ಬಂದ ಸಂಬಂಧಗಳೆಲ್ಲ ತಮ್ಮನ ಕೆಲಸ ಕೇಳಿ ಮೂಗು ಮುಚ್ಚಿಕೊಂಡು ಎದ್ದುಹೋಗಿದ್ದವು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಇವರೂ ಬೇಡ ಅಂದರೆ ಇನ್ನು ಮದುವೆಯ ಮಾತೇ ಎತ್ತಬೇಡ ಅಂತ ಅವನು ನನ್ನೆದುರು ಅತ್ತುಬಿಟ್ಟಿದ್ದ.

ಕೊನೆಗೆ ಅವಳ ಬೀದಿಯ ಸರದಿ ಬಂತು. ಕೆಲಸ ಮುಗಿಸಿ, ಕೈಕಾಲು ತೊಳೆದು ಕೇಳಿಯೇ ಬಿಡುತ್ತೇನೆ ಅಂತ ಇಸ್ತ್ರಿ ಮಾಡಿದ ಅಂಗಿಯನ್ನು ಲಾರಿಯಲ್ಲಿ ನೇತುಹಾಕಿಕೊಂಡು ಹೊರಟ. ನಾನೂ ಬಟ್ಟೆಯ ಅಳತೆ ಕೊಡುವ ನೆಪದಲ್ಲಿ ಹೋಗಿ ಅವಳ ಅಂಗಡಿಯಲ್ಲಿ ಕೂತೆ.

ಅವಳು ಬಾಗಿಲಿಗೆ ಬಂದು ನಿಂತದ್ದೇ ತಡ, ಪ್ರೆಶರ್‌ನ ಮುಖ ಕೆಂಪಾಯಿತು. ಮೆಚ್ಚಿದವಳ ಎದುರು ಮೈಕಿನಲ್ಲಿ ಕಕ್ಕಸು ಅನ್ನುವುದು ಹೇಗೆ? ಆ ಮಾತನ್ನು ನುಂಗಿಕೊಂಡ. ಉಳಿದದ್ದನ್ನು ಎಂದಿಗಿಂತ ಜೋರಾಗಿ ಕೂಗಿದ: “ಎಲ್ರೂ ಬಾಯಿ ಮುಚ್ಚಿ, ನೀರು ಬಿಡ್ತೀವಿ.”

ಬೀದಿಯವರಿಗೆ ಲಾರಿ ನೋಡಿಯೇ ಅರ್ಥವಾಯಿತು. ಪಕ್ಕದ ಮನೆಯಲ್ಲಿದ್ದ ಹೆಡ್‌ಮಾಸ್ತರರಿಗೆ ಆಗಲಿಲ್ಲ. ಜನ್ಮವಿಡೀ ಆ ಮಾತನ್ನು ಬೇರೆಯವರಿಗೆ ಹೇಳಿದವರೇ ಹೊರತು ಹೇಳಿಸಿಕೊಂಡವರಲ್ಲ. ಮುಖ ತೊಳೆಯುತ್ತಿದ್ದವರು ಹಿಂದಿದ್ದ ಕಕ್ಕಸಿಗೆ ಮುಚ್ಚಳ ಹಾಕದೆ, ಬಚ್ಚಲಿನ ಕಿಟಕಿಯಿಂದಲೇ ಪಾಠ ಶುರುಮಾಡಿದರು: ಮರ್ಯಾದೆ ಅಂದರೇನು, ಹಿರಿಯರ ಹತ್ತಿರ ಹೇಗೆ ಮಾತಾಡಬೇಕು, ಇಂಥವರನ್ನು ಬೆಂಚಿನ ಮೇಲೆ ಎಷ್ಟು ಹೊತ್ತು ನಿಲ್ಲಿಸಬೇಕು. ಇಂಜಿನ್ನಿನ ಸದ್ದಿನಲ್ಲಿ ನಮ್ಮವನಿಗೆ ಒಂದಕ್ಷರವೂ ಕೇಳಲಿಲ್ಲ. ಮಾವನವರು ತಾವಾಗಿಯೇ ಮಾತಾಡಿಸುತ್ತಿದ್ದಾರೆ ಅಂತ ತಿಳಿದು, ಹಲ್ಲು ಕಿರಿದು, ನೀರು ಬಿಟ್ಟ.

ಮಗಳು ಅಪ್ಪಾ ಅಂತ ಓಡುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಪಾಠ ಅರ್ಧಕ್ಕೇ ನಿಂತಿತು.

ಹೆಡ್‌ಮಾಸ್ತರರು ಹೊರಗೆ ಬಂದರು. ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆ. ನನಗೆ ನಗು ತಡೆಯಲಾಗಲಿಲ್ಲ, ಜೊತೆಗೇ ಚಿಂತೆಯೂ ಹತ್ತಿತು. ತಮ್ಮನ ಸಂಸಾರ ಶುರುವಾಗುವ ಮೊದಲೇ ತೊಳೆದುಹೋಯಿತಲ್ಲ ಅಂತ. ಅವನು ಇಂಜಿನ್ ನಿಲ್ಲಿಸಿ, ಮೈಕು ಹಿಡಿದುಕೊಂಡೇ ಓಡಿಬಂದ.

“ಸರ್, ನಿಮ್ಮ ಬಾಯಲ್ಲ ಸರ್, ಕಕ್ಕಸಿನ ಬಾಯಿ. ನಿಮ್ಮ ಮಗಳ ಎದುರು ಹಾಗನ್ನೋಕೆ ನಾಚಿಕೆ ಆಯ್ತು.”

ಅವರು ಕನ್ನಡಕ ಒರೆಸಿಕೊಂಡರು. “ನನ್ನ ಮಗಳ ಎದುರು ನಿನಗ್ಯಾಕಯ್ಯಾ ನಾಚಿಕೆ?”

ಬೀದಿಯೇ ಕಿವಿಯಾಯಿತು. ಇವನು ತಲೆ ತಗ್ಗಿಸಿ ಮೈಕನ್ನು ಅಂಗಿಗೆ ಒರೆಸತೊಡಗಿದ. ಬಾಯಿ ಬಿಡೋ ಮಂಕೇ ಅಂತ ನಾನು ಒಳಗಿಂದ ಹಲ್ಲು ಕಡಿಯುತ್ತಿದ್ದೆ. ಹುಡುಗಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು. ಅದು ಆಫ್ ಆಗಿದೆ ಅಂದುಕೊಂಡಳೋ, ಆನ್ ಇರಲಿ ಅಂತಲೋ, ಇವತ್ತಿಗೂ ಹೇಳಿಲ್ಲ.

“ಅಪ್ಪಾ, ನಾನು ಇವರನ್ನೇ ಮದುವೆ ಆಗೋದು. ನೀವು ಮೊದಲು ಸ್ನಾನ ಮಾಡ್ಕೊಂಡು ಬನ್ನಿ.”

ಮಾತು ಬೀದಿಯ ಆ ತುದಿಗೂ ಮುಟ್ಟಿತು. ಹೆಡ್‌ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೀಸೆಯಿಂದ ಒಂದು ಹನಿ ಜಾರುತ್ತಿರುವುದು ಗೊತ್ತಾಗಿ ಗಬಕ್ಕನೆ ಮುಚ್ಚಿಕೊಂಡರು. ಬೀದಿಯವರೆಲ್ಲ ಅದನ್ನು ಒಪ್ಪಿಗೆ ಅಂತಲೇ ತಿಳಿದು ಚಪ್ಪಾಳೆ ತಟ್ಟಿದರು.