ರೊಟ್ಟಿಗೊಂದು ಹಿಡಿತ

ಹೆರಿಗೆಯಾಗಿ ನಲವತ್ತನೆಯ ದಿನ ಸ್ನಾನ ಮಾಡಿ ನಮಾಜಿಗೆ ನಿಂತೆ. ನೆಲಕ್ಕೆ ಹಣೆ ಹಚ್ಚಲು ಬಗ್ಗಿದಾಗ ಕೆಮ್ಮು ಬಂತು. ಒಳಗಿನ ಬಟ್ಟೆ ಒದ್ದೆಯಾಯಿತು.

ಮೂತ್ರ.

ನಮಾಜು ಮುರಿಯಿತು. ಮತ್ತೆ ಕೈಕಾಲು, ಮುಖ ತೊಳೆದು ವಜೂ ಮಾಡಿ ಬಂದೆ. ಮತ್ತೆ ಅದೇ. ಮಗನನ್ನು ಎತ್ತಿಕೊಂಡರೂ ಹನಿ, ನಕ್ಕರೂ ಹನಿ. ನಗುವುದನ್ನು ಬಿಡಬಹುದು, ಸೀನುವುದನ್ನು ಬಿಡಲಾಗದು. ಎರಡು ದಿನ ನೋವು ತಿಂದ ಮೇಲೆ ಸೂಲಗಿತ್ತಿ ಹೊಟ್ಟೆ ಒತ್ತಿ ಹೆರಿಗೆ ಮಾಡಿಸಿದ್ದಳು. ಕೂಸು ಉಳಿದದ್ದೇ ದೊಡ್ಡದೆಂದು ತವರಿನಲ್ಲಿ ಯಾರೂ ನನ್ನ ಮೈಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೋರಟಗಿಯ ತವರಿನಿಂದ ಸಿಂದಗಿಯ ಗಂಡನ ಮನೆಗೆ ಈ ಗುಟ್ಟಿನೊಂದಿಗೇ ಬಂದೆ. ನಮಾಜು ಬಿಟ್ಟೆ. ಐದು ಹೊತ್ತೂ ತಪ್ಪಿಸದ ಅತ್ತೆಯ ಕಣ್ಣಿಗೆ ಅದು ಬೀಳದೆ ಇದ್ದೀತೆ?

"ಬಾಣಂತನ ಮುಗದು ತಿಂಗಳಾತು. ದೇವರ ಮ್ಯಾಲೆ ಯಾಕ ಮುನಿಸು, ಜೈನಾ?"

ಸೊಂಟನೋವು ಎಂದೆ. ನನ್ನನ್ನು ಭಕ್ತಿಯಿಲ್ಲದವಳೆಂದು ಅವರು ತಿಳಿದದ್ದು ಬಹಳ ನೋಯಿಸಿತು.

ಮಗನಿಗೆ ಸಿಡುಬಿನ ಲಸಿಕೆ ಹಾಕಿಸಲು ದವಾಖಾನೆಗೆ ಹೋದಾಗ ನರ್ಸ್‌ಬಾಯಿಗೆ ಹೇಳಿಬಿಟ್ಟೆ. ಅವರು ಟೇಬಲ್ ಮೇಲೆ ಮಲಗಿಸಿ, ಮೊಣಕಾಲು ಮಡಚಿಸಿದರು.

"ಡೆಲಿವರಿಯೊಳಗ ಕೆಳಗಿನ ಮಸಲ್ ಸಡ್ಲ ಆಗ್ಯಾವ. ಉಚ್ಚಿ ತಡದಂಗ ಒಳಗ ಬಿಗಿ ಹಿಡೀರಿ. ಐದು ಎಣಸ್ರಿ. ಬಿಡ್ರಿ. ಉಸಿರು ಕಟ್ಟಬ್ಯಾಡ್ರಿ. ಮತ್ತ ಮೂರು ತಿಂಗಳತನಕ ತುಂಬಿದ ಕೊಡ ಎತ್ತಬ್ಯಾಡ್ರಿ."

ಎಕ್ಸರ್‌ಸೈಜ್ ಯಾರಿಗೂ ಕಾಣುವುದಿಲ್ಲ. ಒಂದು ರೊಟ್ಟಿ ತಟ್ಟುವಷ್ಟರಲ್ಲಿ ಒಂದು ಹಿಡಿತ ಎಂದು ಗೊತ್ತುಮಾಡಿಕೊಂಡೆ. ಮೊದಮೊದಲು ಅದರ ಜೊತೆ ಹಲ್ಲೂ ಬಿಗಿಯುತ್ತಿತ್ತು. "ರೊಟ್ಟಿ ಮ್ಯಾಲೆ ಯಾಕ ಸಿಟ್ಟು?" ಎಂದು ಗಂಡ ಕೇಳಿದ. ಆದರೆ ಕೊಡ ಹೊರದಿದ್ದರೆ ಊರಿಗೇ ಕಾಣುತ್ತದೆ. ನಾಲ್ಕು ದಿನ ಏನೇನೋ ನೆಪ ಹೇಳಿದೆ. ಐದನೆಯ ದಿನ ಬಾವಿಕಟ್ಟೆಯಲ್ಲಿ ತುಂಬಿದ ಕೊಡ ತೋರಿಸಿ ಅತ್ತೆ, "ಎತ್ತು" ಅಂದರು. ಎತ್ತಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕಟ್ಟೆಯ ಮೇಲೆ ಕೂತುಬಿಟ್ಟರು.

"ನನಗೂ ಐತಿ," ಅಂದರು.

ನನ್ನ ಗಂಡ ಹುಟ್ಟಿದಾಗಿನಿಂದ. ಇಪ್ಪತ್ನಾಲ್ಕು ವರ್ಷ. ಪ್ರತಿ ಹೊತ್ತಿಗೂ ಬಟ್ಟೆ ಬದಲಿಸಿ, ವಜೂ ಮಾಡಿ ನಿಲ್ಲುತ್ತಿದ್ದರಂತೆ.

"ಇದಕ್ಕ ದೇವರು ಮಾಫಿ ಕೊಟ್ಟಾನ. ಹನಿ ಬಿದ್ರ ಬೀಳಲಿ, ನೀ ನಿಂದ್ರು."

ಸಮಾಧಾನವಾಯಿತು. ಸಿಟ್ಟೂ ಬಂತು. ಆ ಬಟ್ಟೆಗಳನ್ನು ಇಬ್ಬರೂ ಹಿತ್ತಲಿನ ಒಂದೇ ಹಗ್ಗಕ್ಕೆ ಒಣಹಾಕುತ್ತಿದ್ದೆವು, ಒಬ್ಬರ ಕಣ್ಣು ತಪ್ಪಿಸಿ ಇನ್ನೊಬ್ಬರು.

ಅಂದೇ ಅತ್ತೆ ನನ್ನ ಗಂಡನನ್ನು ಕರೆದರು. "ನಾಳಿಂದ ನೀರು ನೀ ತರಬೇಕು, ಸೈಕಲ್ ಮ್ಯಾಲೆ."

"ಯಾಕಮ್ಮಾ?"

"ಯಾಕಂತ ಕೇಳಬ್ಯಾಡ."

ಓಣಿ ಒಂದು ವಾರ ನಕ್ಕಿತು. ಅವನು ತಂದ.

ಅತ್ತೆಗೂ ಕಲಿಸಿದೆ. ನಾನು ರೊಟ್ಟಿ ತಟ್ಟುತ್ತಿದ್ದೆ, ಅವರು ಬೇಯಿಸುತ್ತಿದ್ದರು, ಇಬ್ಬರೂ ಮಾತಿಲ್ಲದೆ ಐದು ಎಣಿಸುತ್ತಿದ್ದೆವು. ಈಗ ನಾಲ್ಕು ತಿಂಗಳಾಗಿದೆ. ನನ್ನದು ಬಹಳ ಮಟ್ಟಿಗೆ ಕಡಿಮೆಯಾಗಿದೆ. ಪೂರ್ತಿ ಹೋಗಿದೆ ಎನ್ನಲಾರೆ. ಆದರೂ ಐದು ಹೊತ್ತೂ ಅಳುಕಿಲ್ಲದೆ ನಿಲ್ಲುತ್ತೇನೆ. ಅತ್ತೆಗೆ ಅಷ್ಟು ಗುಣ ಕಾಣಲಿಲ್ಲ. "ನಂದು ತಡಾ ಆತು ಬಿಡು," ಅನ್ನುತ್ತಾರೆ. ಎಣಿಸುವುದನ್ನು ಮಾತ್ರ ಬಿಟ್ಟಿಲ್ಲ.

ಮೊನ್ನೆ ಪಕ್ಕದ ಮನೆಯ ಬಾಣಂತಿ ಶಾಂತವ್ವನನ್ನು ನೋಡಲು ಹೋದೆವು. ಬಂದ ಹೆಂಗಸರೆಲ್ಲ ಕೂಸಿನ ಮೂಗು ಯಾರದು, ಬಣ್ಣ ಯಾರದು ಎಂಬ ಮಾತಿನಲ್ಲಿದ್ದರು. ಅವರು ಚಹಾಕ್ಕೆಂದು ಎದ್ದು ಹೋದ ಮೇಲೆ ಅತ್ತೆ ಹಾಸಿಗೆಯ ಹತ್ತಿರ ಸರಿದು ಕೂತರು.

"ಉಚ್ಚಿ ಸೋರತೈತೇನು, ಶಾಂತಾ? ನಾಚಬ್ಯಾಡ, ಹೇಳು. ನನಗೂ ಐತಿ, ನನ್ನ ಸೊಸಿಗೂ ಇತ್ತು."

ಶಾಂತವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು. ನಾನು ಎದ್ದು ಬಾಗಿಲು ಹಾಕಿ ಬಂದೆ.