ನೀರು ಹಾಕದ ಚಿಪ್ಪು

ನಮ್ಮ ಹೊಲ ಕಾರ್ಖಾನೆಗೆಂದು ಹೋದ ಮರುವರ್ಷದ ಮಾತು ಇದು. ನನ್ನ ಮಗಳು ಆಗ ನಾಲ್ಕನೇ ಕ್ಲಾಸು. ನಾಗಸಂದ್ರದ ಹತ್ತಿರದ ನಮ್ಮ ಹಳ್ಳಿಯ ಸ್ಕೂಲಿನಲ್ಲಿ ಇದ್ದದ್ದೇ ನಾಲ್ಕರವರೆಗೆ. ಒಂದು ಹೆಂಚಿನ ಕೋಣೆ, ಒಬ್ಬರು ಮೇಷ್ಟ್ರು. ಮುಂದೆ ಓದಬೇಕೆಂದರೆ ತುಮಕೂರು ರಸ್ತೆ ದಾಟಿ ನಡೆದು ಹೋಗಬೇಕು. ಆ ರಸ್ತೆಯಲ್ಲಿ ಲಾರಿಗಳು ಕಣ್ಣು ಮುಚ್ಚಿಕೊಂಡು ಬರುತ್ತಿದ್ದವು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರೂ ಕಳಿಸುತ್ತಿರಲಿಲ್ಲ. ನಮ್ಮ ಯಜಮಾನರೂ ನಾಲ್ಕು ಸಾಕು ಅಂದಿದ್ದರು. ನಾನು ಎರಡಕ್ಕೇ ಬಿಟ್ಟವಳು, ನನ್ನನ್ನು ಯಾರೂ ಕೇಳಲೂ ಇಲ್ಲ. ಮಗಳು ಮಾತ್ರ ದಿನಾ ಊಟಕ್ಕೆ ಕೂತಾಗ ಆ ಮಾತು ತೆಗೆಯುತ್ತಿದ್ದಳು, ಬೈಸಿಕೊಂಡು ಏಳುತ್ತಿದ್ದಳು.

ಮೇಷ್ಟ್ರು ತುಮಕೂರು ಕಡೆಯವರು, ಇನ್ನೂ ಮದುವೆಯಾಗದ ಹುಡುಗ. ಅವರು ಬಂದ ಮೇಲೆ ಸ್ಕೂಲಿನಲ್ಲಿ ಬಾಯಿಪಾಠ ಕಡಿಮೆಯಾಗಿ ಕೈಕೆಲಸ ಜಾಸ್ತಿಯಾಯಿತು. ಹುಣಸೆಬೀಜ ಇಟ್ಟುಕೊಂಡು ಕೂಡುವುದು ಕಳೆಯುವುದು, ಕೆರೆಮಣ್ಣಿನಲ್ಲಿ ಬದನೆಕಾಯಿ ಮಾಡಿ ಬಣ್ಣ ಬಳಿಯುವುದು, ತರಾವರಿ ಎಲೆ ತಂದು ಹಾಳೆಗೆ ಅಂಟಿಸುವುದು. ಕಿಟಕಿ ಪಕ್ಕದ ಹಲಗೆಯ ಮೇಲೆ ಮಕ್ಕಳು ತಂದದ್ದನ್ನೆಲ್ಲ ಜೋಡಿಸಿ ‘ಸಂಗ್ರಹಾಲಯ’ ಅಂತ ಬರೆದಿದ್ದರು. ಗೀಜಗನ ಗೂಡು, ಹಾವಿನ ಪೊರೆ, ಎತ್ತಿನ ಲಾಳ. ಒಬ್ಬಳು ಅವರಜ್ಜನ ಉದುರಿದ ಹಲ್ಲು ತಂದುಕೊಟ್ಟಿದ್ದಳಂತೆ. ಅದೊಂದನ್ನು ಮೇಷ್ಟ್ರು ವಾಪಸ್ಸು ಕಳಿಸಿದರು. ಬಾವಿಕಟ್ಟೆಯಲ್ಲಿ ನಾವು ಹೆಂಗಸರೆಲ್ಲ ನಗುತ್ತಿದ್ದೆವು.

“ಓದ್ಸೋಕ್ ಬಂದವ್ನೋ, ಆಟ ಆಡ್ಸೋಕ್ ಬಂದವ್ನೋ?”

“ಮದ್ವೆ ಆದ್ರೆ ಸರಿ ಓಗ್ತಾನೆ ಬುಡು.”

ಆಷಾಢದ ಒಂದು ಸಂಜೆ ಮಗಳು ಮೂರು ತೆಂಗಿನ ಚಿಪ್ಪು ಹುಡುಕಿ ತೆಗೆದು, ತಳಕ್ಕೆ ಮೊಳೆಯಲ್ಲಿ ತೂತು ಹಾಕಿ, ಹಿತ್ತಲ ಮಣ್ಣು ತುಂಬಿದಳು. ಒಂದೊಂದರಲ್ಲೂ ಒಂದೊಂದು ಅವರೆಕಾಳು ಊರಿದಳು. ಮೇಷ್ಟ್ರು ಹೇಳಿದ್ದು ಹೀಗೆ. ಎರಡೆಲೆ ಬರುವ ತನಕ ಮೂರಕ್ಕೂ ನೀರು. ಆಮೇಲೆ ಒಂದು ಚಿಪ್ಪು ಬಿಸಿಲಲ್ಲಿ, ಅದಕ್ಕೆ ನೀರುಂಟು. ಇನ್ನೊಂದಕ್ಕೂ ನೀರುಂಟು, ಆದರೆ ಮಂಕರಿ ಕವುಚಿ ಕತ್ತಲಲ್ಲಿ ಇಡಬೇಕು. ಮೂರನೆಯದು ಬಿಸಿಲಲ್ಲೇ ಇರಬೇಕು, ಅದಕ್ಕೆ ಮಾತ್ರ ನೀರು ನಿಲ್ಲಿಸಬೇಕು. ಯಾವುದು ಏನಾಗುತ್ತದೆ ಅಂತ ಮಕ್ಕಳು ತಾವೇ ನೋಡಿ ಬಂದು ಹೇಳಬೇಕು. ಚಿಕ್ಕಬಾಣಾವರದ ದೊಡ್ಡ ಸ್ಕೂಲಿನಲ್ಲಿ ಸುತ್ತಲ ಹಳ್ಳಿಗಳ ಮಕ್ಕಳೆಲ್ಲ ಸೇರುವ ವಸ್ತುಪ್ರದರ್ಶನ ಇತ್ತು. ಅಲ್ಲಿ ನಿಂತು ಹೇಳುವುದಕ್ಕೆ ಮೇಷ್ಟ್ರು ನನ್ನ ಮಗಳನ್ನೇ ಆರಿಸಿದ್ದರು. ಅವಳ ಗಂಟಲು ದೊಡ್ಡದು, ಅದಕ್ಕೇ ಇರಬೇಕು.

ಮೇಷ್ಟ್ರು ಮನೆತನಕ ಬಂದು ಯಜಮಾನರ ಹತ್ತಿರ ಮಾತಾಡಿದರು.

“ಅವ್ಳು ಅಲ್ಲಿ ನಿಂತ್ಕೊಂಡು ಹೇಳೋದನ್ನ ಒಂದ್ಸಲ ಬಂದು ಕೇಳಿ. ಆಮೇಲೂ ಬಿಡಿಸ್ಬೇಕು ಅನ್ನಿಸಿದ್ರೆ ಬಿಡಿಸಿ, ನಾನು ಬಾಯಿ ಬಿಡಲ್ಲ.”

“ನೋಡೋಣ ಮೇಷ್ಟ್ರೇ,” ಅಂದರು ಯಜಮಾನರು.

ಯಜಮಾನರು ಆಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹೆಲ್ಪರ್ ಆಗಿ ಸೇರಿದ್ದರು. ಹೊಲ ಹೋದ ಮೇಲೆ ಅವರು ಯಾವುದಕ್ಕೂ ‘ಆಗಲ್ಲ’ ಅನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದೇ ಕಮ್ಮಿ. ಆ ‘ನೋಡೋಣ’ವನ್ನು ಮಗಳು ದೇವರ ಪ್ರಸಾದ ತಗೊಂಡ ಹಾಗೆ ತಗೊಂಡಳು.

ಮನೆಯಲ್ಲಿ ಇನ್ನೊಬ್ಬರಿದ್ದರು, ನಮ್ಮ ಅತ್ತೆ. ಮದುವೆಯಾಗಿ ಬಂದಾಗಿನಿಂದ ಆ ಹೊಲದಲ್ಲೇ ಬದುಕಿದ ಹೆಂಗಸು. ಬೇಲಿ ಹಾಕಿದ ಮೇಲೂ ಬೆಳಗ್ಗೆ ಎದ್ದು ಅಲ್ಲಿಗೇ ಹೋಗುತ್ತಿದ್ದರು. ಕಾರ್ಖಾನೆ ಕಟ್ಟಿರಲಿಲ್ಲ, ಏನೂ ಇರಲಿಲ್ಲ, ಬರೀ ಮುಳ್ಳುತಂತಿ, ಒಳಗೆ ಕಾಂಗ್ರೆಸ್ ಗಿಡ. ಕಾವಲಿನವನು ಒಳಗೆ ಬಿಡುತ್ತಿರಲಿಲ್ಲ. ತಂತಿ ಹಿಡಿದುಕೊಂಡು ಅಷ್ಟೊತ್ತು ನಿಂತು ಬರುತ್ತಿದ್ದರು. ಮನೆಗೆ ಬಂದರೆ ಮಾಡಲು ಕೆಲಸವಿಲ್ಲ. ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದರು.

ಮೂರೂ ಕಾಳು ಮೊಳೆತವು. ಎರಡೆಲೆ ಬಂತು. ಮಗಳು ಒಂದನ್ನು ಮಂಕರಿ ಕೆಳಗೆ ತಳ್ಳಿದಳು, ಎರಡನ್ನು ಜಗಲಿಯ ಅಂಚಿಗಿಟ್ಟಳು. ಒಂದಕ್ಕೆ ಚೊಂಬಿನಿಂದ ನೀರು ಹಾಕಿ, ಪಕ್ಕದ್ದಕ್ಕೆ ಹಾಕದೆ ಎದ್ದಳು. ಅತ್ತೆ ನೋಡುತ್ತಿದ್ದರು.

“ಅದ್ಕೆ?”

“ಅದ್ಕೆ ಇಲ್ಲ ಕಣಜ್ಜಿ. ಮೇಷ್ಟ್ರು ಹಾಕ್ಬಾರ್ದು ಅಂದವ್ರೆ.”

“ಯಾಕಂತೆ?”

“ಅದು ಒಣಗ್ಬೇಕು.”

“ಒಣಗ್ಲಿ ಅಂತ ಊರಿದ್ದಾ? ಬೀಜ ಆಕಿ ಸಾಯ್ಸು ಅಂದ್ನಾ ನಿನ್ ಮೇಷ್ಟ್ರು? ಅವ್ನೇನು ಮನುಷ್ಯನ ಒಟ್ಟೇಲಿ ಉಟ್ಟವ್ನಾ?”

“ಅಜ್ಜಿ, ಅದು ಪ್ರಯೋಗ.”

“ಯಾವನ್ ಪ್ರಯೋಗವೋ. ಆ ಮಂಕರಿ ಕೆಳಗಿರೋದಕ್ಕಾದ್ರೂ ಕೋಳಿ ಕಾವು ಕೂತಂಗೆ ಕೂತೈತೆ ಅಂದ್ಕೊಬೋದು. ಇದ್ಕೇನ್ ಪಾಪ?”

ಮಗಳು ನಗುತ್ತಾ ಓಡಿಹೋದಳು. ನಾನೂ ನಕ್ಕೆ. ಅತ್ತೆಗೆ ನಗು ಬರಲಿಲ್ಲ.

ದಿನ ಕಳೆದವು. ಮಂಕರಿಯೊಳಗಿನದು ಬಿಳಿಚಿಕೊಂಡು ಉದ್ದುದ್ದ ಎದ್ದಿತು. ಅತ್ತೆ ಅದನ್ನು ಇಣುಕಿ ನೋಡಿ, “ಕಾಮಾಲೆ ಬಂದೈತೆ,” ಅಂದರು. ಬಿಸಿಲಿನದು ಚೆನ್ನಾಗಿ ಬಂತು. ನೀರಿಲ್ಲದ್ದು? ಅದೂ ಚೆನ್ನಾಗೇ ಬಂತು. ಬಾಡಲಿಲ್ಲ, ಬಗ್ಗಲಿಲ್ಲ, ಮೂರನೇ ಎಲೆಯನ್ನೂ ಬಿಟ್ಟಿತು. ಮಗಳಿಗೆ ಅಳು ಬಂತು. ಮಳೆಹನಿ ಬೀಳುತ್ತಿರಬೇಕು ಅಂತ ಒಳಗಿನ ಕಿಟಕಿಗಿಟ್ಟಳು. ಆಗಲೂ ಹಸಿರು.

“ಅಮ್ಮ, ನೀನೇನಾದ್ರೂ ನೀರು ಹಾಕ್ತಿದ್ದೀಯಾ?”

“ನಂಗೆ ಬೇರೆ ಕೆಲ್ಸ ಇಲ್ವಾ?”

“ಮತ್ತೆ ಯಾಕೆ ಸಾಯ್ತಿಲ್ಲ?”

“ಕಿತ್ತು ಬಿಸಿಲಿಗೆ ಹಾಕಿ ಆಮೇಲೆ ಮತ್ತೆ ಮಣ್ಣಿಗೆ ಚುಚ್ಚು. ಸಂಜೆ ಹೊತ್ಗೆ ಸಾಯುತ್ತೆ.”

“ಅದು ಸುಳ್ಳಾಗುತ್ತೆ ಕಣಮ್ಮ,” ಅಂದಳು. ಒಂಬತ್ತು ವರ್ಷದ ಹುಡುಗಿ ನನ್ನನ್ನು ಒಂದು ಥರ ನೋಡಿದಳು. ನಾನು ರಾಗಿ ಬೀಸಲು ಕೂತೆ.

ಮಾರನೇ ದಿನ ಮಧ್ಯಾಹ್ನ ನನಗೆ ಗೊತ್ತಾಯಿತು. ಅತ್ತೆ ಹಿತ್ತಲಲ್ಲಿ ಕೈಕಾಲು ತೊಳೆದು ಒಳಗೆ ಬಂದರು. ಸೆರಗಿನ ಚುಂಗು ಒದ್ದೆಯಾಗಿತ್ತು. ಮುಖ ಒರೆಸಿಕೊಳ್ಳುವವರ ಹಾಗೆ ಕಿಟಕಿ ಹತ್ತಿರ ನಿಂತು, ಅದನ್ನು ಚಿಪ್ಪಿನ ಮೇಲೆ ಹಿಂಡಿದರು. ನಾಲ್ಕು ಹನಿ ಬಿತ್ತು. ಅಷ್ಟೇ. ಆಮೇಲೆ ಮುಖವನ್ನೂ ಒರೆಸಿಕೊಂಡರು. ಸಂಜೆ ಮಗಳಿಗೆ ಮಾತ್ರ ಹೇಳಿದೆ, ಅವಳದ್ದು ಅವಳಿಗೆ ಗೊತ್ತಿರಬೇಕಲ್ಲ.

ಸೋಮವಾರ ಎಲ್ಲ ಮಕ್ಕಳೂ ಚಿಪ್ಪುಗಳನ್ನು ಸ್ಕೂಲಿಗೆ ಒಯ್ದರು. ಒಬ್ಬೊಬ್ಬರದ್ದೂ ಮೂರನೆಯದು ಹುಲ್ಲಿನ ಹಾಗೆ ಒಣಗಿತ್ತು. ನನ್ನ ಮಗಳದ್ದು ಜೀವ ತುಂಬಿಕೊಂಡಿತ್ತು. ಮೇಷ್ಟ್ರು ಯಾಕಮ್ಮಾ ಅಂತ ಕೇಳಿದ್ದಾರೆ. ಇವಳು ಎದ್ದು ನಿಂತು ಆ ದೊಡ್ಡ ಗಂಟಲಲ್ಲಿ, “ನಾನು ನೀರು ಹಾಕಿಲ್ಲ ಸಾರ್, ನಮ್ಮಜ್ಜಿ ಸೀರೆ ಹಿಂಡವ್ರೆ,” ಅಂದಿದ್ದಾಳೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿದೆ. ಮೇಷ್ಟ್ರು ನಗಲಿಲ್ಲವಂತೆ. ಪ್ರದರ್ಶನಕ್ಕೆ ಇನ್ನೂ ದಿನವಿದೆ, ಇವತ್ತಿನಿಂದ ನೀರು ನಿಲ್ಲಿಸು, ಒಣಗಿದ್ದು ನಿನ್ನದೇ ಆಗಿರಬೇಕು, ಇಲ್ಲದಿದ್ದರೆ ಬೇರೆಯವರನ್ನು ಕರೆದುಕೊಂಡು ಹೋಗುತ್ತೇನೆ ಅಂದರಂತೆ.

ಮನೆಗೆ ಬಂದವಳು ಚಿಪ್ಪನ್ನು ಜಗಲಿ ಮೇಲೆ ಕುಕ್ಕಿದಳು. ಅತ್ತೆ ಅಲ್ಲೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು.

“ಎಲ್ರೂ ನಕ್ರು ಗೊತ್ತಾ? ಸೀರೆ ಅಜ್ಜಿ ಮೊಮ್ಮಗಳು ಅಂತವ್ರೆ ನನ್ನ!”

“ಅನ್ಲಿ ಬುಡು. ಅವ್ರ್ ಬಾಯಿ ಸವೀತದೆ.”

“ನಿನ್ ಹೊಲ ಹೋಗಿದ್ದು ನಾನ್ ಕಿತ್ಕೊಂಡ್ನಾ? ನನ್ ಗಿಡದ ತಂಟೆಗೆ ಯಾಕ್ ಬಂದೆ?”

ಅತ್ತೆ ಬಾಯಿಯಲ್ಲಿದ್ದದ್ದನ್ನು ಉಗಿಯಲಿಲ್ಲ, ನುಂಗಲೂ ಇಲ್ಲ. ನಾನು ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಒಳಗೆ ಅಟ್ಟಿದೆ. ಆಮೇಲೆ ಅತ್ತೆಯ ಮುಂದೆ ಕೂತೆ. ಸುತ್ತಿ ಬಳಸಿ ಹೇಳುವುದು ನನಗೆ ಆವತ್ತೂ ಬರುತ್ತಿರಲಿಲ್ಲ, ಇವತ್ತೂ ಬರುವುದಿಲ್ಲ.

“ಅತ್ತೆ, ಆ ಗಿಡ ಸತ್ರೆ ಇವ್ಳು ಮುಂದಕ್ಕೆ ಓದ್ತಾಳೆ. ಬದುಕಿದ್ರೆ ಮನೇಲಿರ್ತಾಳೆ. ನಿಮ್ ಮಗ ಹೆಂಗೆ ಅಂತ ನಿಮಗೇ ಗೊತ್ತು. ನೋಡ್ಕೊಳ್ಳಿ.”

ಮಗಳು ಚಿಪ್ಪನ್ನು ಅಟ್ಟಕ್ಕೆ ಇಡುತ್ತೇನೆ ಅಂತ ಬಂದಾಗ, ಅತ್ತೆ ಕೈ ಅಡ್ಡ ಹಿಡಿದರು.

“ಬ್ಯಾಡ. ಇಲ್ಲೇ ಇರ್ಲಿ. ಯಾರೂ ನೀರು ಆಕ್ದಂಗೆ ನಾನೇ ಕಾಯ್ತೀನಿ.”

ಮಗಳು ನಂಬಲಿಲ್ಲ. ನಾನೂ ನಂಬಲಿಲ್ಲ. ಆದರೆ ಅವರು ಕಾದರು. ಬೇಲಿ ಹತ್ತಿರ ಹೋಗುವುದನ್ನೂ ಬಿಟ್ಟು ಜಗಲಿಯಲ್ಲೇ ಕೂತರು. ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಮಣ್ಣು ಬೆಳ್ಳಗಾಗಿ ಚಿಪ್ಪಿನ ಅಂಚು ಬಿಟ್ಟುಕೊಂಡಿತು. ಎಲೆ ಮೊದಲು ಮಧ್ಯಾಹ್ನ ಮಾತ್ರ ಜೋಲುತ್ತಿತ್ತು, ಸಂಜೆ ಎತ್ತಿಕೊಳ್ಳುತ್ತಿತ್ತು. ಆಮೇಲೆ ಸಂಜೆಗೂ ಏಳಲಿಲ್ಲ. ದಾರಿಯಲ್ಲಿ ಹೋಗುವವರು, “ಏನಜ್ಜಿ, ಚಿಪ್ಪು ಕಾಯ್ತಾ ಕೂತಿದ್ದೀಯಾ?” ಅಂತ ಕಿಚಾಯಿಸಿದರೆ, “ಊಂ ಕಣಪ್ಪ, ನಂಗೂ ಕೆಲ್ಸ ಸಿಕ್ತು,” ಅನ್ನುತ್ತಿದ್ದರು.

ಒಂದು ಸಂಜೆ ಗಾಳಿ ಎದ್ದು ಮೋಡ ಕವಿಯಿತು. ನಾನು ಒಣಹಾಕಿದ ಬಟ್ಟೆ ತೆಗೆಯಲು ಓಡಿದೆ. ದಪ್ಪ ಹನಿ ನಾಲ್ಕಾರು ಬಿದ್ದವು. ಹಿಂತಿರುಗಿ ನೋಡಿದರೆ ಅತ್ತೆ ಎದ್ದಿದ್ದರು. ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಮೇಲೆ ಬಗ್ಗಿ, ಬೆನ್ನಿಗೆ ಮಳೆ ಬೀಳಿಸಿಕೊಂಡು ಒಳಗೆ ಒಯ್ಯುತ್ತಿದ್ದರು. ಒಂದು ಹನಿಯೂ ಅದಕ್ಕೆ ತಾಗಲು ಬಿಡಲಿಲ್ಲ. ಮಳೆ ಬರಲಿ ಅಂತ ಆಕಾಶ ನೋಡಿ ನೋಡಿ ಮುದಿಯಾದ ಹೆಂಗಸು. ಒಳಗೆ ಬಂದು ಚಿಪ್ಪನ್ನು ನೆಲಕ್ಕಿಟ್ಟರು.

“ಇನ್ನೇನು ನಾಳೆ ಓಯ್ತದೆ,” ಅಂದರು. ತಲೆ ಒರೆಸಿಕೊಳ್ಳಲು ನಾನು ಬಟ್ಟೆ ಕೊಟ್ಟೆ. ತಗೊಳ್ಳಲಿಲ್ಲ.

ಮಾರನೇ ದಿನ ಹೋಗಲಿಲ್ಲ, ಅದರ ಮಾರನೇ ದಿನ ಹೋಯಿತು. ಕಾಂಡ ಮುರಿದು ಮಣ್ಣಿಗೆ ಒರಗಿತು. ಎಲೆ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಮಗಳು ಕುಣಿದಾಡಿಬಿಟ್ಟಳು. “ಅಜ್ಜಿ, ಸತ್ತೋಯ್ತು! ನೋಡು, ಸತ್ತೋಯ್ತು!” ಅಂತ ಅವರ ಕುತ್ತಿಗೆಗೆ ಜೋತುಬಿದ್ದಳು. “ನೋಡ್ದೆ ಕಣವ್ವ,” ಅಂದರು ಅತ್ತೆ.

ಪ್ರದರ್ಶನಕ್ಕೆ ಯಜಮಾನರು ಕಾರ್ಖಾನೆಗೆ ರಜೆ ಹಾಕಿ ಬಂದರು, ನಾನೂ ಹೋದೆ. ಅತ್ತೆಯನ್ನೂ ಕರೆದೆವು, ಮೊಣಕಾಲು ನೋವು ಅಂದರು. ಚಿಕ್ಕಬಾಣಾವರದ ಆ ಸ್ಕೂಲಿನ ಉದ್ದನೆಯ ಹಜಾರದಲ್ಲಿ ಮೇಜುಗಳನ್ನು ಹಾಕಿ ಮಕ್ಕಳನ್ನು ನಿಲ್ಲಿಸಿದ್ದರು. ಯಾರೋ ಬೆಂಕಿಪೊಟ್ಟಣದಲ್ಲಿ ರೈಲು ಮಾಡಿದ್ದರು, ಯಾರೋ ಬಲೂನಿನಲ್ಲಿ ಶ್ವಾಸಕೋಶ. ನನ್ನ ಮಗಳು ಮೂರು ಚಿಪ್ಪಿನ ಹಿಂದೆ ನಿಂತು, ಬಂದ ಬಂದವರಿಗೆಲ್ಲ ಗಟ್ಟಿಯಾಗಿ ಒಪ್ಪಿಸಿದಳು. ಯಜಮಾನರು ಕಂಬದ ಪಕ್ಕ ನಿಂತು ಕೇಳಿದರು. ಒಂದು ಸಲ ಕೇಳಿದ್ದು ಸಾಲದೆ, ಜನ ಬದಲಾದ ಹಾಗೆ ಮತ್ತೆ ಮತ್ತೆ ಕೇಳಿದರು. ವಾಪಸ್ಸು ಬರುವಾಗ ದಾರಿಯಲ್ಲಿ ಯಾರಿಗೋ ಹೇಳುವವರ ಹಾಗೆ, “ಆ ರಸ್ತೆ ದಾಟ್ಸೋಕೆ ಬೆಳಗ್ಗೆ ಶಿಫ್ಟಿಗ್ ಹೋಗೋವಾಗ ನಾನೇ ಇರ್ತೀನಿ. ಬರೋವಾಗಿಂದೇ ಯೋಚ್ನೆ,” ಅಂದರು. ಮಗಳು ನನ್ನ ಕೈಯನ್ನು ನೋಯುವ ಹಾಗೆ ಹಿಸುಕಿದಳು.

ಮನೆಯಲ್ಲಿ ಅತ್ತೆ ದೀಪ ಹಚ್ಚಿಟ್ಟು ಕೂತಿದ್ದರು.

“ಏನಂದೆ ಮಗಾ ಅಲ್ಲಿ? ನಂಗೂ ಏಳು.”

ಮಗಳು ಕೈಕಟ್ಟಿ ನಿಂತು, ಅಲ್ಲಿ ಹೇಳಿದ ಹಾಗೇ ಪುಸ್ತಕದ ಮಾತಿನಲ್ಲಿ ಹೇಳಿದಳು. “ಗಿಡಗಳು ಬೆಳೆಯಲು ಬೆಳಕು ಬೇಕು. ನೀರು ಬೇಕು. ನೀರಿಲ್ಲದೆ ಗಿಡ ಬದುಕುವುದಿಲ್ಲ.”

ಅತ್ತೆ ಇನ್ನೂ ಏನೋ ಇದೆ ಅಂತ ಕಾದರು.

“ಅಷ್ಟೇನಾ?”

“ಅಷ್ಟೇ ಕಣಜ್ಜಿ.”

“ಊಂ,” ಅಂದು ಗೋಡೆ ಕಡೆ ತಿರುಗಿ ಮಲಗಿದರು.

ಒಣಗಿದ ಗಿಡವನ್ನು ಮೇಷ್ಟ್ರು ಸ್ಕೂಲಿನ ಹಲಗೆಯ ಮೇಲೆ ಇಡಲು ತಗೊಂಡಿದ್ದರು. ಉಳಿದೆರಡು ಚಿಪ್ಪು ಮನೆಗೆ ಬಂದಿದ್ದವು. ಬೆಳಗ್ಗೆ ಅವನ್ನು ಅತ್ತೆಯ ಮುಂದಿಟ್ಟು, ಹಿತ್ತಲಲ್ಲಿ ನೆಟ್ಟುಬಿಡಿ ಅಂದೆ. ಅವರಿಗೆ ಖುಷಿಯಾಗುತ್ತದೆ ಅಂತ ಅಂದುಕೊಂಡಿದ್ದೆ.

“ನೀನೇ ನೆಡು,” ಅಂದರು.

ನೆಟ್ಟೆ. ಬಿಳಿಚಿಕೊಂಡಿದ್ದು ಉಳಿಯಲಿಲ್ಲ. ಇನ್ನೊಂದು ಹತ್ತಿಕೊಂಡು ಹಿತ್ತಲ ಬೇಲಿಗೆ ಹಬ್ಬಿತು. ಅತ್ತೆ ದಿನಾ ಹಿತ್ತಲಿಗೆ ಬರುತ್ತಿದ್ದರು. ಮುಖ ತೊಳೆದು, ಚೊಂಬಿನಲ್ಲಿ ಉಳಿದ ನೀರನ್ನು ಪಕ್ಕದ ಚಪ್ಪಡಿಕಲ್ಲಿನ ಮೇಲೆ ಚೆಲ್ಲಿ ಒಳಗೆ ಹೋಗುತ್ತಿದ್ದರು. ಬಳ್ಳಿ ಇದ್ದದ್ದು ಅಲ್ಲಿಂದ ಒಂದು ಮಾರು ಆಚೆ.