ವಿರುಪಮ್ಮ ಒರೆಸದೆ ಬಿಟ್ಟ ಗಾಜು

ಮೂರನೇ ಕಿಟಕಿಗೆ ಬರುವಷ್ಟರಲ್ಲಿ ಬಕೆಟ್ಟಿನ ನೀರು ಕೆಂಪಗಾಗಿದೆ. ವಿರುಪಮ್ಮ ಬಟ್ಟೆ ಹಿಂಡಿ, ನೀರು ಚೆಲ್ಲಿ, ಹೊಸ ನೀರು ತುಂಬಿಕೊಂಡು ಬಂದು ಮತ್ತೆ ಒರೆಸಲು ನಿಲ್ಲುತ್ತಾರೆ. ಇನ್ನೂ ಬೆಳಕು ಹರಿದಿಲ್ಲ. ಸಂಡೂರಿನ ಕಡೆ, ಯಶವಂತನಗರದಿಂದ ಆಚೆಗೆ, ಅದಿರು ಲಾರಿಗಳು ಓಡುವ ದಾರಿಯ ಅಂಚಿಗಿರುವ ಈ ಸರ್ಕಾರಿ ಶಾಲೆಯ ಮೈಮೇಲೆ ರಾತ್ರಿಯಿಡೀ ಧೂಳು ಬಂದು ಕೂತಿರುತ್ತದೆ. ಅದನ್ನು ಎಬ್ಬಿಸಿ ಕಳಿಸುವುದು ಅವರ ಮೊದಲ ಕೆಲಸ. ಒಲೆ ಹಚ್ಚುವುದು ಆಮೇಲೆ.

ಎಲ್ಲ ಗಾಜೂ ಒರೆಸುತ್ತಾರೆ, ಇವತ್ತು ಒಂದನ್ನು ಮಾತ್ರ ಬಿಡುತ್ತಾರೆ. ಆಫೀಸು ಕೋಣೆಯ ಕಿಟಕಿಯ ಕೆಳಗಿನ ಗಾಜು ಅದು. ಅದರ ಧೂಳಿನ ಮೇಲೆ ಹೊರಗಿನಿಂದ ಒತ್ತಿದ ಒಂದು ಕೈ ಗುರುತು ಇದೆ. ಐದೂ ಬೆರಳು ಅಗಲಿಸಿದ, ಮಗುವಿನ ಕೈ.

ಜತೆಗೆ ಅಡುಗೆ ಮಾಡುವ ಮರುಳಸಿದ್ದಮ್ಮ ಹತ್ತಿರಕ್ಕೆ ಬರುವುದಿಲ್ಲ. ದೂರದಿಂದಲೇ ಕೇಳುತ್ತಾರೆ: “ಅದನ್ನ ಯಾಕ ಬಿಟ್ಟಿಯವ್ವಾ? ಆಕೀನ ಮನಿಗೆ ಕರಕೊಂಡು ಹೋಗಿ ಉಣ್ಣಾಕ ನೀಡ್ತಿಯೇನು?”

“ನೀಡೂದಾದ್ರ ಇಲ್ಲೇ ನೀಡ್ತೀನಿ. ನೀ ಅಕ್ಕಿ ಆರಿಸು ಹೋಗು.”

“ಒಲಿ ಹತ್ರ ಒಬ್ಬಾಕಿನ ಕುಂದ್ರಾಕ ಆಗವಲ್ದು ನನಗ.”

ವಿರುಪಮ್ಮ ನಗುತ್ತಾರೆ, ಆದರೆ ಅವರ ಕಣ್ಣು ದಾರಿಯ ಮೇಲಿದೆ. ರಾತ್ರಿ ಪಾಳಿ ಮುಗಿಸಿ ಬರಬೇಕಾದ ಒಬ್ಬ ಲಾರಿ ಡ್ರೈವರ್‌ಗಾಗಿ ಅವರು ಕಾಯುತ್ತಿದ್ದಾರೆ. ಅವನ ಹೆಸರು ಮೌನೇಶ್. ತನ್ನನ್ನು ಯಾಕೆ ಕರೆಸಿದ್ದಾರೆಂದು ಅವನಿಗೆ ಗೊತ್ತಿಲ್ಲ.

ವಿರುಪಮ್ಮ ಪಾಪಿನಾಯಕನಹಳ್ಳಿಯ ಹೊಲಗೆಲಸದ ಮನೆಯ ಮಗಳು. ಗಂಡ ಗಣಿ ಕೆಲಸಕ್ಕೆ ಸೇರಿದಾಗ ಈ ಕಡೆ ಬಂದವರು. ಗಂಡ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ ಬಿಸಿಯೂಟದ ಒಲೆಯ ಮುಂದೆ ಕೂತರು, ಇನ್ನೂ ಎದ್ದಿಲ್ಲ. ನೂರಕ್ಕೂ ಮೇಲಿನ ಮಕ್ಕಳಿಗೆ ಅನ್ನ, ಸಾಂಬಾರು, ಮೊಟ್ಟೆ. ಇದು ಊರಿಗೆಲ್ಲ ಕಾಣುವ ಕೆಲಸ. ಕಾಣದ ಕೆಲಸದ ಕೀಲಿ ಅವರ ಸೆರಗಿನ ಗಂಟಿನಲ್ಲಿದೆ. ಅದು ಆಫೀಸು ಕೋಣೆಯ ಮಾತ್ರೆ ಕಪಾಟಿನದು.

“ಮೇಷ್ಟ್ರುಗಳು ವರ್ಗ ಆಗಿ ಹೋಗ್ತೀವ್ರಿ, ವಿರುಪಮ್ಮ ಹೋಗೂದಿಲ್ಲ,” ಎನ್ನುತ್ತಾರೆ ಮುಖ್ಯೋಪಾಧ್ಯಾಯ ನಾಗೇಂದ್ರಪ್ಪ. ಸೋಮವಾರ ಊಟವಾದ ಮೇಲೆ ರಕ್ತ ಹೆಚ್ಚಲೆಂದು ಕೊಡುವ ಕಬ್ಬಿಣಾಂಶದ ಮಾತ್ರೆ, ಸಣ್ಣವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ. ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ. ಮೇಷ್ಟ್ರು ಎದುರಿಗೆ ನಿಂತು ಹೆಸರು ಕೂಗುತ್ತಾರೆ, ವಿರುಪಮ್ಮ ನೀರಿನ ಲೋಟ ಕೊಟ್ಟು, ಒಬ್ಬೊಬ್ಬರಿಂದಲೂ ಬಾಯಿ ತೆಗೆಸಿ ನಾಲಿಗೆ ಎತ್ತಿಸುತ್ತಾರೆ.

“ಕೆಲವು ನಾಲಿಗಿ ಕೆಳಗ ಇಟ್ಕೊಂಡು ಹೋಗಿ ಬೇವಿನ ಗಿಡದ ಬುಡಕ್ಕ ಉಗುಳ್ತಾವ. ಆ ಗಿಡದಾಗ ಈಗ ರಕ್ತ ಭಾಳ ಐತಿ ನೋಡ್ರಿ!” ಎನ್ನುತ್ತಾರೆ ವಿರುಪಮ್ಮ.

ಸರ್ಕಾರ ಕಳಿಸಿದ ಮಾತ್ರೆಯ ಮಾತಾಯಿತು. ಮನೆಯಿಂದ ಬರುವ ಔಷಧಿಯ ಕಾನೂನು ಬೇರೆ. ಡಾಕ್ಟರ ಚೀಟಿಯ ನಕಲು ಬೇಕು, ತಂದೆ ತಾಯಿ ಇಬ್ಬರ ಸಹಿಯೂ ಬೇಕು, ಆರೋಗ್ಯ ಇಲಾಖೆಯವರ ಲಿಖಿತ ಸೂಚನೆ ಬೇಕು. ಇವಿಲ್ಲದೆ ಶಾಲೆಯವರು ಯಾರೂ ಯಾವ ಮಗುವಿಗೂ ಮಾತ್ರೆ ಕೊಡುವಂತಿಲ್ಲ, ಮಗುವೂ ಚೀಲದಲ್ಲಿ ಇಟ್ಟುಕೊಳ್ಳುವಂತಿಲ್ಲ. ನಾಗೇಂದ್ರಪ್ಪ ಇದನ್ನು ಬಿಗಿ ಮಾಡಿದ್ದಕ್ಕೆ ಕಾರಣವಿದೆ. ಹೋದ ವರ್ಷ ಇಬ್ಬರು ಹುಡುಗರು ಮನೆಯಿಂದ ತಂದ ಕೆಮ್ಮಿನ ಔಷಧಿಯನ್ನು ಶರಬತ್ತೆಂದು ಹಂಚಿಕೊಂಡು ಕುಡಿದು, ಕಬಡ್ಡಿ ಅಂಗಳದಲ್ಲೇ ಮಲಗಿಬಿಟ್ಟಿದ್ದರು. ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಗೆ ಒಯ್ದ ಮೇಲೆಯೇ ಕಣ್ಣು ತೆರೆದದ್ದು.

ಹಾಗಾಗಿ ಈ ವರ್ಷ ಶಾಲೆ ಶುರುವಾದ ಹೊಸತಿನಲ್ಲಿ ನಾಲ್ಕನೇ ಇಯತ್ತೆಯ ಹುಲಿಗೆಮ್ಮನ ಚೀಲದಲ್ಲಿ ಕಾಗದ ಸುತ್ತಿದ ಬಿಳಿ ಮಾತ್ರೆ ಸಿಕ್ಕಾಗ ವಿರುಪಮ್ಮ ಅವಳನ್ನು ಆಫೀಸು ಕೋಣೆಗೆ ಕರೆದು, ಅದನ್ನು ಕಸಿದುಕೊಂಡು, ಅವಳ ತಾಯಿ ಭಾಗ್ಯಳ ಕೈಗೆ ವಾಪಸು ಕೊಟ್ಟರು. ಎಲ್ಲರೂ ಹುಲಿಗಿ ಎಂದು ಕರೆಯುವ ಈ ಹುಡುಗಿಗೆ ಒಂದು ಥರದ ಫಿಟ್ಸ್ ಇದೆ. ಬೀಳುವುದಿಲ್ಲ, ನೊರೆ ಬರುವುದಿಲ್ಲ. ನಿಂತಲ್ಲೇ ಕಣ್ಣು ತೆರೆದುಕೊಂಡು ಎಲ್ಲಿಗೋ ಹೋಗಿಬಿಡುತ್ತಾಳೆ. ಆಗ ಕೈಕಾಲು ತಮ್ಮಷ್ಟಕ್ಕೆ ಆಡುತ್ತವೆ, ಕೆಲವೊಮ್ಮೆ ನಡೆಯುತ್ತವೆ. ಬಳ್ಳಾರಿಯ ಡಾಕ್ಟರು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಪ್ಪದೆ ಮಾತ್ರೆ ಕೊಡಲು ಹೇಳಿದ್ದಾರೆ. ಮಧ್ಯಾಹ್ನ ಅವಳು ಇರುವುದು ಶಾಲೆಯಲ್ಲಿ.

ನಾಗೇಂದ್ರಪ್ಪ ತಾಲ್ಲೂಕು ಆರೋಗ್ಯಾಧಿಕಾರಿಗೆ ಕಾಗದ ಬರೆದರು, ಡಾಕ್ಟರ ಚೀಟಿ ಲಗತ್ತಿಸಿದರು. ಭಾಗ್ಯ ಸಹಿ ಹಾಕಿದಳು. ಅವಳ ಗಂಡ ಮೌನೇಶ್ ಹಾಕಲಿಲ್ಲ. “ಹೆಣ್ಣ ಹುಡುಗಿ ಹೆಸರಿನ ಮುಂದ ಫಿಟ್ಸ್ ಅಂತ ಸರ್ಕಾರಿ ಕಾಗದದಾಗ ಬರೀತೀರೇನ್ರಿ? ನಾಳೆ ಆಕೀನ ಯಾರು ಮಾಡ್ಕೊಂತಾರ? ಟೀಸಿ ಕೊಡ್ರಿ, ಒಯ್ತೀನಿ,” ಎಂದು ಅಂಗಳದಲ್ಲಿ ನಿಂತು ಕೂಗಾಡಿ ಹೋದ. ಕಾಗದ ಮಾತ್ರೆ ಕಪಾಟಿನಲ್ಲೇ ಉಳಿಯಿತು. ಮಳೆಗಾಲ ಮುಗಿಯಿತು, ದೀಪಾವಳಿ ಕಳೆಯಿತು, ಚಳಿ ಬಂತು. ಕಪಾಟು ತೆಗೆದಾಗಲೆಲ್ಲ ವಿರುಪಮ್ಮ ಅದರ ಧೂಳನ್ನೂ ಒರೆಸಿ ಇಡುತ್ತಿದ್ದರು.

ಗಾಜಿನ ಮೇಲೆ ಕೈ ಗುರುತು ಕಾಣಿಸಿಕೊಂಡಿದ್ದು ಚಳಿಯ ಜತೆಗೇ. ರಾತ್ರಿ ಗೇಟು ಹಾಕಿರುತ್ತದೆ, ಪಕ್ಕದ ಗೋಡೆಯಂತೂ ಬಿದ್ದು ಮೊಣಕಾಲೆತ್ತರ ಉಳಿದಿದೆ, ಯಾರಾದರೂ ದಾಟಬಹುದು. ಆದರೆ ದಾಟಿ ಬಂದು ಏನನ್ನೂ ಮುಟ್ಟದೆ, ಕಪಾಟಿಗೆ ಎದುರಾದ ಒಂದೇ ಗಾಜಿಗೆ ಕೈ ಒತ್ತಿ ಹೋಗುವವರು ಯಾರು? ವಿರುಪಮ್ಮ ಒರೆಸುತ್ತಿದ್ದರು. ಎರಡು ದಿನ ಬಿಟ್ಟು ಮತ್ತೆ ಇರುತ್ತಿತ್ತು, ಅದೇ ಎತ್ತರದಲ್ಲಿ, ಅದೇ ಜಾಗದಲ್ಲಿ.

“ತಿರುವಿನಾಕಿ ಬಂದಾಳ,” ಎಂದರು ಮರುಳಸಿದ್ದಮ್ಮ.

ಶಾಲೆಯಿಂದ ಸ್ವಲ್ಪ ಮುಂದೆ ಲಾರಿ ದಾರಿ ಗುಡ್ಡ ಬಳಸುವ ಕಡೆ ಒಂದು ತಿರುವಿದೆ. ಅಲ್ಲಿ ನಸುಕಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನಿಂತಿರುತ್ತಾಳೆಂದು ಡ್ರೈವರುಗಳು ಹೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಬಂದವನಿಗೆ ಹಳಬರು ಗೇರು, ಬ್ರೇಕಿನ ಜತೆಗೆ ಇದನ್ನೂ ಕಲಿಸುತ್ತಾರೆ. ಅವಳು ಕಂಡರೆ ಲೈಟು ತಗ್ಗಿಸಬೇಕು. ಬದಿಗೆ ಸರಿದು ಹೋಗಬೇಕು. ನಿಲ್ಲಿಸಬಾರದು. ಮುಖ ಮಾತ್ರ ನೋಡಲೇಬಾರದು.

ಮರುಳಸಿದ್ದಮ್ಮ ಒಂದು ನಿಂಬೆಹಣ್ಣಿಗೆ ಕುಂಕುಮ ಹಚ್ಚಿ ಆ ಕಿಟಕಿಯ ಹೊರಕಟ್ಟೆಯ ಮೇಲಿಟ್ಟರು. ಮರುದಿನ ನಿಂಬೆಹಣ್ಣು ಇರಲಿಲ್ಲ. ಗಾಜಿನ ಮೇಲೆ ಕೈ ಇತ್ತು. ಮಧ್ಯಾಹ್ನ ಊಟದ ಸಾಲಿನಲ್ಲಿ ಹುಲಿಗಿ ಕೂರಲು ಬಗ್ಗಿದಾಗ ಅವಳ ಕಿಸೆಯಿಂದ ಅದು ಉರುಳಿ ತಟ್ಟೆಗೆ ಬಡಿದು ನಿಂತಿತು.

ಸಾಲಿಗೆ ಸಾಲೇ ಉಣ್ಣುವುದು ಬಿಟ್ಟಿತು.

“ಎಲ್ಲಿಂದ ತಂದ್ಯವ್ವಾ?” ಎಂದರು ವಿರುಪಮ್ಮ, ಮೆಲ್ಲಗೆ.

“ನಾ ತಂದಿಲ್ರಿ ದೊಡ್ಡಮ್ಮಾ,” ಎಂದಳು ಹುಲಿಗಿ. ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಅವಳೇ. “ಅದು ಹೆಂಗ ಬಂತೋ ಗೊತ್ತಿಲ್ರಿ.”

ಅದು ಮೊನ್ನೆ. ನಿನ್ನೆ ವಿರುಪಮ್ಮ ಇನ್ನೂ ಬೇಗ ಬಂದು, ದೀಪ ಹಚ್ಚದೆ ಆಫೀಸು ಕೋಣೆಯ ಒಳಗೆ ಕೂತರು. ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಗೋಡೆಯ ಮೇಲೆ ಬೆಳಕು ಹತ್ತಿ ಇಳಿಯುತ್ತಿತ್ತು. ಒಂದು ಸಲ ಬೆಳಕು ಇಳಿಯುವಾಗ ಗಾಜಿನಾಚೆ ಮುಖವಿತ್ತು. ಎರಡು ಜಡೆ, ಕೆಂಪು ರಿಬ್ಬನ್ನು, ಮೈಮೇಲೆ ಯೂನಿಫಾರ್ಮು. ಕಣ್ಣು ತೆರೆದಿದ್ದವು, ಆದರೆ ಏನನ್ನೂ ನೋಡುತ್ತಿರಲಿಲ್ಲ. ತುಟಿ ಏನೋ ಚಪ್ಪರಿಸುತ್ತಿತ್ತು. ನಿಧಾನವಾಗಿ ಒಂದು ಕೈ ಎದ್ದು ಬಂದು ಗಾಜಿಗೆ ಅಂಟಿತು.

“ಎದಿ ಒಡದು ಹೋಗೂದೊಂದು ಬಾಕಿ,” ಎನ್ನುತ್ತಾರೆ ವಿರುಪಮ್ಮ. “ಆದ್ರ ಫಿಟ್ಸ್ ಬಂದಾಗ ಏನು ಮಾಡ್ಬೇಕಂತ ಆಸ್ಪತ್ರಿ ಸಿಸ್ಟರ್ ಹೇಳಿದ್ದು ನೆನಪಿತ್ತು. ಅಲುಗಾಡಿಸಬ್ಯಾಡ, ಕೂಗಬ್ಯಾಡ, ಹತ್ರ ನಿಂದ್ರು ಅಂದಿದ್ರು. ಹೊರಗ ಹೋಗಿ ನಿಂತೆ. ಗಾಳಿ ಇದ್ದಂಗ ಇದ್ಳು. ಮೈ ಅಷ್ಟ ಬಂದೈತಿ, ಆಕಿ ಬಂದಿಲ್ಲ.”

ಕೊಂಚ ಹೊತ್ತಿಗೆ ಹುಲಿಗಿ ಕಣ್ಣು ಮಿಟುಕಿಸಿ ಸುತ್ತ ನೋಡಿ ಕೇಳಿದಳು: “ಊಟದ ಬೆಲ್ ಆತೇನ್ರಿ?”

ಮೊಣಕೈವರೆಗೂ ಧೂಳು. ತೊಳೆಯಲು ತೋಳು ಮೇಲೇರಿಸಿದಾಗ ಕರಿಬಟ್ಟೆಯ ತಾಯತ ಸಿಕ್ಕಿತು. ನೀರು ತಾಗಿದ್ದೇ ಅದರಿಂದ ಸುಣ್ಣದಂಥ ಬಿಳಿ ರಸ ಇಳಿಯತೊಡಗಿತು. ಹೊಲಿಗೆ ಬಿಚ್ಚಿದರೆ ಒಳಗೆ ಕರಗಿದ ಮಾತ್ರೆ.

ಸುದ್ದಿ ಮುಟ್ಟಿ ಓಡಿಬಂದ ಭಾಗ್ಯ ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಲಿಲ್ಲ. “ಚೀಲದಾಗ ಇಟ್ರ ಕಸ್ಕೊಂಡ್ರಿ. ಮಧ್ಯಾಹ್ನದ್ದು ತಪ್ಪಬಾರದು ಅಂತಾರ ಡಾಕ್ಟ್ರು. ಮೈಮ್ಯಾಲಾದ್ರೂ ಇರ್ಲಿ, ಕಾಯ್ತತಿ ಅಂತ ದಿನಾ ಹೊಸಾದು ಹೊಲದು ಕಟ್ತಿದ್ದೆ.”

“ಒಳಗ ಹೋಗೂದನ್ನ ಹೊರಗ ಕಟ್ಟಿದ್ರ ಹೆಂಗವ್ವಾ?”

“ಮತ್ತೇನು ಮಾಡ್ಬೇಕಿತ್ತು ಹೇಳ್ರಿ ನೀವ!”

ಭಾಗ್ಯ ಕತ್ತಲಲ್ಲೇ ಕಂಪನಿ ಬಸ್ಸು ಹತ್ತಿ ಕ್ವಾರ್ಟರ್ಸ್ ಗುಡಿಸಲು ಹೋಗುವವಳು. ಬೆಳಿಗ್ಗೆ ಪುರಸೊತ್ತಿಲ್ಲವೆಂದು ರಾತ್ರಿಯೇ ಮಗಳಿಗೆ ಜಡೆ ಹೆಣೆದು, ಯೂನಿಫಾರ್ಮು ತೊಡಿಸಿ ಮಲಗಿಸುತ್ತಾಳೆ. ಹೋಗುವಾಗ ಬಾಗಿಲು ಎಳೆದುಕೊಳ್ಳುತ್ತಾಳೆ. ಪಕ್ಕದ ಮನೆಯವರು ಎದ್ದು ಎಬ್ಬಿಸುವ ತನಕ ಮಗು ಒಂಟಿ. ನಿದ್ದೆಗಣ್ಣಿನಲ್ಲಿ ಫಿಟ್ಸ್ ಬಂದರೆ ಹುಲಿಗಿ ಎದ್ದು ಹೊರಡುತ್ತಾಳೆ. ಮಾತ್ರೆ ಕಸಿದುಕೊಂಡ ಕೋಣೆಗೇ ಅವಳ ಕಾಲು ಯಾಕೆ ಬರುತ್ತದೋ, ಅದು ಯಾರಿಗೂ ಗೊತ್ತಿಲ್ಲ.

ಗೊತ್ತಿರುವುದು ಒಂದೇ. ಅವಳ ಮನೆ ಲಾರಿ ದಾರಿಯ ಆಚೆ ಮಗ್ಗುಲಿಗಿದೆ.

“ನಿನ್ನ ಗಂಡನ್ನ ನಾಳೆ ಪಾಳಿ ಬಿಟ್ಟ ಕೂಡಲೇ ಇಲ್ಲಿಗೆ ಕಳಿಸು. ಏನೂ ಹೇಳಬ್ಯಾಡ. ನೀ ನಾಳೆ ಬಸ್ ಹತ್ತಬ್ಯಾಡ, ಮಗಳ ಹತ್ರ ಇರು,” ಎಂದು ವಿರುಪಮ್ಮ ಭಾಗ್ಯಳನ್ನು ಕಳಿಸಿದ್ದಾರೆ. ಒಂದು ಗಾಜು ಒರೆಸದೆ ಉಳಿಸಿಕೊಂಡಿದ್ದಾರೆ.

ಬೈಕಿನ ಸದ್ದು ಕೇಳುತ್ತದೆ. ಮೌನೇಶ್ ಬರುತ್ತಾನೆ, ರೆಪ್ಪೆಯ ಕೂದಲಿಗೂ ಕೆಂಪು ಮೆತ್ತಿದೆ.

“ಏನಮ್ಮಾ, ಜಗಳಕ್ಕ ಕರಿಸೀರೇನು? ಸಹಿ ಮಾತಾದ್ರ ಹೋಗ್ತೀನಿ ನಾ.”

“ಸಹಿ ಇರ್ಲಿ. ಇಲ್ಲಿ ಬಾ. ಈ ಕೈ ನೋಡು.”

“ಯಾರದು?”

“ನಿನ್ನ ಮಗಳದು. ನಿನ್ನೆ ನಸುಕಿನಾಗ ಒತ್ತ್ಯಾಳ. ನಾನ ನೋಡೀನಿ. ಇದು ಮೊದಲನೇದಲ್ಲ.”

ಅವನು ನಕ್ಕುಬಿಡುತ್ತಾನೆ. “ನಮ್ಮ ಮನಿ ಎಲ್ಲೈತಿ ಗೊತ್ತಿಲ್ಲೇನು? ಇಲ್ಲಿಗೆ ಬರಬೇಕಂದ್ರ ತಿರುವು ದಾಟಬೇಕು.”

“ಹೌದು. ದಾಟ್ಯಾಳ.”

ನಗು ಮುಖದಲ್ಲೇ ನಿಂತುಬಿಡುತ್ತದೆ. ಆಮೇಲೆ ಅವನು ಬೇರೆಯದೇ ದನಿಯಲ್ಲಿ ಕೇಳುತ್ತಾನೆ. “ಮೈಮ್ಯಾಲ ಏನಿತ್ತು?”

“ಯೂನಿಫಾರ್ಮು. ಎರಡು ಜಡಿ, ಕೆಂಪು ರಿಬ್ಬನ್ನು.”

ಮೌನೇಶ್ ಕಟ್ಟೆಯ ಮೇಲೆ ಕೂರುತ್ತಾನೆ. ದಾರಿಯಲ್ಲಿ ಎರಡು ಲಾರಿ ಹಾದು ಹೋಗುತ್ತವೆ.

“ಹೋದ ವಾರ,” ಎನ್ನುತ್ತಾನೆ ಕೊನೆಗೆ. “ಲೋಡ್ ಗಾಡಿ. ತಿರುಗಿದೆ, ನಟ್ಟ ನಡುವ ನಿಂತಿದ್ಳು. ಹಾರ್ನ್ ಹೊಡದ್ರೂ ಸರೀಲಿಲ್ಲ. ಹಳಬ್ರು ಹೇಳಿದಂಗ ಲೈಟ್ ತಗ್ಗಿಸಿದೆ. ಬದಿಗೆ ತಗೊಂಡೆ. ಚಕ್ರ ಆಕಿ ಕಾಲಿನ ಹತ್ರ ಹೋತು ಅನಸ್ತತಿ. ನಿಂದ್ರಿಸಲಿಲ್ಲಮ್ಮಾ ನಾನು.” ಅವನು ಗಾಜಿನ ಕಡೆ ನೋಡುತ್ತಾನೆ. “ಮುಖ ನೋಡಬಾರದು ಅಂದಿದ್ರು. ನೋಡ್ಲಿಲ್ಲ.”

ವಿರುಪಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಡುತ್ತಾರೆ, ಸೋಮವಾರದ ಮಾತ್ರೆಗೆ ಮಕ್ಕಳಿಗೆ ಕೊಡುವ ಅದೇ ಲೋಟದಲ್ಲಿ. ಮೌನೇಶ್ ಕುಡಿದು, ಎದ್ದು, ತನ್ನ ಅಂಗೈಯನ್ನು ಆ ಸಣ್ಣ ಗುರುತಿನ ಹತ್ತಿರಕ್ಕೆ ಒಯ್ಯುತ್ತಾನೆ. ಮುಟ್ಟುವುದಿಲ್ಲ.

“ಕಾಗದ ಎಲ್ಲೈತ್ರಿ?”

ನಾಗೇಂದ್ರಪ್ಪ ಬಂದಾಗ ಅದು ಮೇಜಿನ ಮೇಲಿದೆ. ಸಹಿಯ ಮೇಲೆ ಕೆಂಪು ಹೆಬ್ಬೆರಳಿನ ಕಲೆ ಬಿದ್ದಿದೆ. “ಬ್ಯಾರೆ ಹಾಳಿಗೆ ಬರಿಯೋಣೇನು?” ಎಂದು ಮೌನೇಶ್ ಕೇಳಿದರೆ ಮೇಷ್ಟ್ರು ಬೇಡವೆನ್ನುತ್ತಾರೆ. ದಿನಾಂಕ ತಿದ್ದಿ, ಲಕೋಟೆಗೆ ಹಾಕಿ ಅಂಟಿಸುತ್ತಾರೆ. “ಟಪಾಲಿಗೆ ಹಾಕಿಸ್ತೀನಿ.”

“ಬ್ಯಾಡ್ರಿ ಸರ, ಕೊಡ್ರಿ ಇಲ್ಲಿ. ಸಂಡೂರಿಗೆ ನಾನ ಒಯ್ತೀನಿ. ಉತ್ತರ ಬರೋತನ ಮಧ್ಯಾಹ್ನ ಬಂದು ಮಾತ್ರಿ ನಾನ ಕೊಡ್ತೀನಿ. ತಂದಿ ಕೊಟ್ರ ಕಾನೂನಿಗೆ ಅಡ್ಡಿ ಇಲ್ಲಲ್ಲ?”

“ಇಲ್ಲಪ್ಪ.”

ನಿಮಗೇನು ಬೇಕು ಎಂದು ವಿರುಪಮ್ಮನನ್ನು ಕೇಳಿದರೆ ಅವರು ಕೀಲಿಯನ್ನು ಸೆರಗಿಗೆ ಗಂಟು ಹಾಕುತ್ತ ಹೇಳುತ್ತಾರೆ: “ನನಗೇನು ಬೇಕ್ರಿ? ಬೆಳಿಗ್ಗೆ ಬಂದಾಗ ಗಾಜಿನ ಮ್ಯಾಲ ಬರೇ ಧೂಳಿದ್ರ ಸಾಕು. ಧೂಳು ಒರಸಾಕ ನನಗ ಬ್ಯಾಸರಿಲ್ಲ.”

ಬೆಳಕು ಹರಿದಿದೆ. ಕಿಟಕಿಯಿಂದ ದಾರಿಯ ತಿರುವು ಕಾಣುತ್ತದೆ. ಮೌನೇಶನ ಬೈಕು ಅಲ್ಲಿಗೆ ಹೋಗಿ, ಯಾರೂ ನಿಲ್ಲಿಸದ ಜಾಗದಲ್ಲಿ ನಿಲ್ಲುತ್ತದೆ. ಅವನು ಇಳಿದು ಸುಮ್ಮನೆ ನಿಂತಿದ್ದಾನೆ.

ಮರುಳಸಿದ್ದಮ್ಮ ಈಗ ಹತ್ತಿರ ಬಂದಿದ್ದಾರೆ. ಗೆಳತಿಯ ಭುಜದ ಹಿಂದಿನಿಂದ ಇಣುಕಿ ನೋಡುತ್ತ ಕೇಳುತ್ತಾರೆ: “ಅಲ್ಲ ವಿರುಪಮ್ಮಾ, ತಿರುವಿನಾಕಿ ಮಾತು ನಾ ಈ ಊರಿಗೆ ಮದುವಿ ಆಗಿ ಬಂದಾಗಿಂದ ಕೇಳೀನಿ. ಆಗ ಈ ಹುಲಿಗಿ ಎಲ್ಲಿದ್ಳು? ಹುಟ್ಟೇ ಇರಲಿಲ್ಲಲ್ಲ?”

ವಿರುಪಮ್ಮ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಗಾಜಿನ ಮುಂದೆ ನಿಂತೇ ಇದ್ದಾರೆ.

“ಹಂಗಾದ್ರ ಆಗ ಯಾರ ಮಗಳು ನಿಂತಿದ್ಳೋ,” ಎನ್ನುತ್ತಾರೆ. “ಆಕಿಗೂ ಯಾರೂ ಗಾಡಿ ನಿಂದ್ರಿಸಲಿಲ್ಲ.”

ತಿರುವಿನಲ್ಲಿ ಬೈಕು ಮತ್ತೆ ಸದ್ದು ಮಾಡುತ್ತದೆ. ಲಕೋಟೆಯನ್ನು ಅಂಗಿಯ ಒಳಗೆ ಸೇರಿಸಿಕೊಂಡು ಮೌನೇಶ್ ಸಂಡೂರಿನ ಕಡೆ ಹೊರಡುತ್ತಾನೆ.